ಅಲೆಯ ಕೊಳದಲ್ಲಿ ಎರಡನೇ ದಿನ

ಇಪ್ಪತ್ತು ವರ್ಷಗಳಿಂದ ನನ್ನ ಕೊರಳಲ್ಲಿ ಒಂದು ಸೀಟಿ ತೂಗುತ್ತಿದೆ. ಚಿತ್ತಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಎಣಿಸುವುದು, ಓಡಿಸುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಶಾಲೆಯಿಂದ ಪ್ರವಾಸ ಹೊರಟರೆ ಎರಡೇ ದಿನದಲ್ಲಿ ಒಂಬತ್ತು ಊರು ತೋರಿಸಿ, ಒಂದು ಮಗುವೂ ತಪ್ಪಿಸಿಕೊಳ್ಳದಂತೆ ವಾಪಸು ತರುವವನು ಎಂಬ ಹೆಸರು ನನಗಿದೆ. ಮಕ್ಕಳು ಬಸ್ಸಿನಲ್ಲಿ ನಿದ್ದೆ ಹೊಡೆದು, ಇಳಿದಲ್ಲಿ ಆಕಳಿಸಿ, ಯಾವ ಊರಲ್ಲಿ ಏನು ನೋಡಿದೆವೆಂಬುದನ್ನೇ ಮರೆತು ಬರುತ್ತಿದ್ದರು. ಆದರೂ ಪಟ್ಟಿಯಲ್ಲಿ ಎಲ್ಲ ಊರಿನ ಮುಂದೆಯೂ ಗುರುತು ಬಿದ್ದಿರುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಕಳೆದ ದಸರಾ ರಜೆಯಲ್ಲಿ ಈ ಬುದ್ಧಿಯನ್ನು ಮನೆಯವರ ಮೇಲೂ ಪ್ರಯೋಗಿಸಿದೆ. ಹೈದರಾಬಾದಿನ ಹೊರವಲಯದಲ್ಲಿ ಆಟದ ದೊಡ್ಡ ಪಾರ್ಕೊಂದಿದೆ, ಅರ್ಧ ನೆಲದ ಆಟ, ಅರ್ಧ ನೀರಿನ ಆಟ. ಮಕ್ಕಳು ಎರಡು ವರ್ಷದಿಂದ ಬೆನ್ನು ಬಿದ್ದಿದ್ದರು. ನಮ್ಮ ಸೇಡಂನಿಂದ ಮುಂಜಾನೆಯ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಹೈದರಾಬಾದು. ಮೊದಲ ದಿನ ಹೋಗಿ ಲಾಡ್ಜು ಸೇರುವುದು, ಎರಡನೇ ದಿನ ಪೂರ್ತಿ ಪಾರ್ಕು, ಮೂರನೇ ದಿನ ಕೋಟೆ, ಮ್ಯೂಸಿಯಂ, ಮೃಗಾಲಯ, ನಾಲ್ಕನೇ ದಿನ ಮುಂಜಾನೆ ಮರಳಿ ರೈಲು. ಹೀಗೆ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹೆಂಡತಿ ಒಗ್ಗರಣೆ ಹಾಕುತ್ತಲೇ ಅದನ್ನು ಓದಿ, ಉಣ್ಣುವುದಕ್ಕೆ ಎಲ್ಲಿ ಹೊತ್ತಿಟ್ಟಿದ್ದೀರಿ ಎಂದು ಕೇಳಿದಳು. ನಡೆಯುತ್ತ ಉಂಡರಾಯಿತು ಎಂದೆ. ನಾನು ತಮಾಷೆಗೆ ಹೇಳಿದ್ದಲ್ಲ.

ಹೊರಟವರು ಐದು ಜನ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಮತ್ತು ನಮ್ಮ ಅವ್ವ. ಅವ್ವ ಅಷ್ಟು ದೂರ ರೈಲಿನಲ್ಲಿ ಕೂತವಳೇ ಅಲ್ಲ. ವರ್ಷಕ್ಕೊಮ್ಮೆ ವಾಡಿಯಲ್ಲಿ ಗಾಡಿ ಬದಲಿಸಿ ನಾಲವಾರದ ಮಠಕ್ಕೆ ಹೋಗಿಬರುವುದಷ್ಟೇ ಅವಳ ರೈಲಿನ ಲೋಕ. ಮೊನ್ನೆ ಮೊನ್ನೆಯವರೆಗೂ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು. ನಾನು ಮೇಷ್ಟ್ರಾದ ಮೇಲೆ ಬಿಡು ಎಂದರೆ, ಕೈ ಸುಮ್ಮನಿದ್ದರೆ ಮೈ ನೋಯುತ್ತದೆ ಎನ್ನುತ್ತಿದ್ದಳು.

ಹೆಂಡತಿಯ ತವರು ಚಿಂಚೋಳಿ ತಾಲೂಕಿನ ತುದಿಯಲ್ಲಿ, ಕುಂಚಾವರಂ ಕಾಡಿನ ಹತ್ತಿರದ ಒಂದು ತಾಂಡಾದಷ್ಟೇ ಸಣ್ಣ ಹಳ್ಳಿ. ಅಲ್ಲಿ ಮನೆಮಾತು ತೆಲುಗು. ಹಾಗಾಗಿ ರೈಲು ತಾಂಡೂರು ದಾಟುತ್ತಿದ್ದಂತೆ ನಾವೆಲ್ಲ ಅವಳ ಸೆರಗು ಹಿಡಿದವರಂತಾದೆವು. ಆಟೋದವನ ಜೊತೆ ಮಾತಾಡುವವಳು ಅವಳು, ಲಾಡ್ಜಿನಲ್ಲಿ ಬಿಸಿನೀರು ಕೇಳುವವಳು ಅವಳು, ದಾರಿ ವಿಚಾರಿಸುವವಳು ಅವಳು. ನಿಜ ಹೇಳಬೇಕೆಂದರೆ ನನಗೆ ದಖನಿ ಉರ್ದು ಚೆನ್ನಾಗಿಯೇ ಬರುತ್ತದೆ. ಸೇಡಂನ ಸಂತೆಯಲ್ಲಿ ಬೆಳೆದವನಿಗೆ ಬಾರದೇ ಇರುತ್ತದೆಯೇ. ಆ ಊರಿನಲ್ಲಿ ಅದು ಧಾರಾಳವಾಗಿ ನಡೆಯುತ್ತಿತ್ತು. ಆದರೆ ಹೆಂಡತಿ ಪಕ್ಕದಲ್ಲಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ ಎಂಬ ಆಲಸ್ಯ. ಹದಿಮೂರು ವರ್ಷದ ಸಂಸಾರದಲ್ಲಿ ಇಂಥ ಆಲಸ್ಯಗಳನ್ನು ನಾನು ಬಹಳ ಬೆಳೆಸಿಕೊಂಡಿದ್ದೆ.

ಪಾರ್ಕಿನ ದಿನ ಬಾಗಿಲು ತೆಗೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ಕಾವಲಿನವನು ಅವ್ವ ಕಟ್ಟಿದ್ದ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿಯ ಗಂಟನ್ನು ತಡೆದ. ಹೆಂಡತಿ ಹತ್ತು ನಿಮಿಷ ತೆಲುಗಿನಲ್ಲಿ ವಾದಿಸಿದಳು, ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದೆಲ್ಲ. ಅವನು ಅವ್ವನ ಪಾಲಿನ ಎರಡು ರೊಟ್ಟಿ ಬಿಟ್ಟು ಉಳಿದದ್ದನ್ನು ಇಟ್ಟುಕೊಂಡ. ನಾನು ಆ ಹತ್ತು ನಿಮಿಷವೂ ಗಡಿಯಾರ ನೋಡುತ್ತ ನಿಂತಿದ್ದೆ, ಸಿಟ್ಟಿನಿಂದ. ಸಿಟ್ಟು ಕಾವಲಿನವನ ಮೇಲಲ್ಲ, ಹೊತ್ತು ಮಾಡುತ್ತಿದ್ದಾಳಲ್ಲ ಎಂದು ಅವಳ ಮೇಲೆ.

ಒಳಗೆ ಹೋದದ್ದೇ ಓಟ. ಎಲ್ಲಿ ಸಾಲು ಕಡಿಮೆಯಿದೆಯೋ ಅಲ್ಲಿಗೆ ನುಗ್ಗುವುದು, ಇಳಿದದ್ದೇ ಮುಂದಿನ ಆಟಕ್ಕೆ ಹಾಯುವುದು. ನೀರಿನ ಆಟವನ್ನು ಕೊನೆಗಿಟ್ಟಿದ್ದೆ, ಬಟ್ಟೆ ನೆಂದರೆ ಓಡಲಾಗುವುದಿಲ್ಲ ಎಂದು. ಎರಡು ಸಲ ಅಭ್ಯಾಸಬಲದಿಂದ ಸೀಟಿಯನ್ನೂ ಊದಿದೆ. ಮಗ ತೂಗುದೋಣಿಯಿಂದ ಇಳಿದು ವಾಂತಿ ಮಾಡಿಕೊಂಡ. ಮಗಳ ಚಪ್ಪಲಿ ಹರಿಯಿತು. ಅವ್ವ ಮಾತ್ರ ಉತ್ಸಾಹದಲ್ಲಿದ್ದಳು, ಮಕ್ಕಳ ರೈಲಿನಲ್ಲಿ ಮೊಮ್ಮಗನ ಪಕ್ಕ ಕೂತು ಎರಡು ಸುತ್ತು ಬಂದಳು.

ಮತ್ತು ಪ್ರತಿ ಆಟದ ಮುಂದೆಯೂ ಒಂದೇ ನೋಟ. ಚೀಲಗಳು ಐದು. ನೀರಿನ ಬಾಟಲಿ, ಬದಲಿ ಬಟ್ಟೆ, ಔಷಧಿ, ಟವೆಲ್ಲು, ಅವ್ವನ ರೊಟ್ಟಿ. ಅವುಗಳನ್ನೆಲ್ಲ ಹೆಂಡತಿಯ ಕಾಲಬುಡದಲ್ಲಿ ಸುರಿದು ನಾವು ಓಡುತ್ತಿದ್ದೆವು. ಬರ್ತೀಯಾ ಎಂದು ನಾನು ಒಮ್ಮೆ ಕೇಳಿದ್ದೆ, ಕಾಲು ಮುಂದೆ ಇಟ್ಟುಕೊಂಡೇ. ಅವಳು ಚೀಲಗಳನ್ನು ತೋರಿಸಿ, ಹೋಗಿಬನ್ನಿ ಎಂದು ಕೈಬೀಸಿದಳು. ಆಮೇಲೆ ಕೇಳಲೂ ಇಲ್ಲ. ಪ್ರತಿ ಸಲವೂ ತಿರುಗಿ ನೋಡಿದರೆ ಆ ಕೈ ಬೀಸುತ್ತಿರುತ್ತಿತ್ತು.

ಮೂರೂವರೆಗೆ ನೀರಿನ ಕಡೆ ಬಂದೆವು. ಅಲ್ಲಿ ಒಂದು ದೊಡ್ಡ ಕೊಳ. ನಾಲ್ಕು ಗಂಟೆಗೆ ಸೈರನ್ ಊದಿ, ಯಂತ್ರದಿಂದ ಸಮುದ್ರದ ಹಾಗೆ ಅಲೆ ಎಬ್ಬಿಸುತ್ತಾರೆ, ನಡುವೆ ಬಿಡುವು ಕೊಟ್ಟು ಎರಡು ಸರದಿ, ದಿನದ ಕೊನೆಯ ಅಲೆ ಅದೇ. ಹೆಂಡತಿ ಆ ಕೊಳದ ದಂಡೆಯವರೆಗೆ ಬಂದಳು. ಅಷ್ಟರಲ್ಲಿ ಅವಳ ಮುಖ ಬೆಳ್ಳಗಾಗಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಲೆ ಒಡೆಯುತ್ತಿದೆ, ನೀವು ಹೋಗಿಬನ್ನಿ ಎಂದು ನೆರಳಿನ ಕಟ್ಟೆಯ ಮೇಲೆ ಕೂತು, ಚೀಲಗಳ ಮೇಲೆ ತಲೆಯಿಟ್ಟುಬಿಟ್ಟಳು. ಸೈರನ್ ಊದಿತು. ಅವ್ವನನ್ನು ದಂಡೆಯಲ್ಲಿ ಬಿಟ್ಟು ನಾನೂ ಮಕ್ಕಳೂ ಇಳಿದೆವು.

ನಮ್ಮದು ಕಾಗಿಣಾ ದಂಡೆಯ ಮನೆತನ. ನಮ್ಮ ಅಜ್ಜಂದಿರು ಹೊಳೆ ತುಂಬಿದಾಗ ಈಜಿ ಆಚೆ ದಡ ಮುಟ್ಟುತ್ತಿದ್ದರಂತೆ. ನನಗೆ ಮಾತ್ರ ಈಜು ಬಾರದು. ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಮಗನನ್ನು ಬಿಗಿಯಾಗಿ ಹಿಡಿದು, ಪಕ್ಕದ ಹಗ್ಗವನ್ನು ಅದಕ್ಕಿಂತ ಬಿಗಿಯಾಗಿ ಹಿಡಿದು ನಿಂತಿದ್ದೆ. ಆಗ ಗಮನಿಸಿದೆ, ಮಗಳು ನಗುತ್ತಿಲ್ಲ. ಏನಾಯಿತು ಎಂದೆ. ಅವಳು ದಂಡೆಯಲ್ಲಿ ತಲೆಯಿಟ್ಟು ಕೂತಿದ್ದ ತಾಯಿಯ ಕಡೆ ನೋಡುತ್ತ ಹೇಳಿದಳು.

"ಅವ್ವಗ ಇದೊಂದೇ ಬೇಕಿತ್ತು, ಅಪ್ಪ. ರೈಲಿನಾಗ ನನ್ನ ಮುಂದ ಹೇಳಿದ್ಳು."

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಲಾಡ್ಜಿಗೆ ಬಂದ ಮೇಲೆ. ಹೆಂಡತಿ ಮಲಗಿದ್ದಳು. ತಲೆನೋವಿನ ಗುಳಿಗೆ ಹುಡುಕುತ್ತ ಚೀಲ ತಡಕಿದೆ. ನಾಲ್ಕು ಚೀಲದಲ್ಲಿ ನಮ್ಮವೇ ಸಾಮಾನು. ಐದನೆಯದರ ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಜೊತೆ ನೀರಿನ ಬಟ್ಟೆ ಸಿಕ್ಕಿತು. ಕಪ್ಪು ನೈಲಾನಿನದು, ಮೊಣಕೈವರೆಗೆ ತೋಳು, ಪಾದದವರೆಗೆ ಪೈಜಾಮ. ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಪಂಚಮಿಗೆ ತವರಿಗೆ ಹೋದಾಗ ಚಂದಾಪುರದ ಪೇಟೆಯಲ್ಲಿ ಕೊಂಡದ್ದು ಎಂದು ಮಗಳು ಹೇಳಿದಳು. ಅಂದರೆ ನಾನು ಪಟ್ಟಿ ಬರೆಯುವ ಮೊದಲೇ, ನಮ್ಮ ಮನೆಯಲ್ಲಿ ಪಾರ್ಕಿನ ಮಾತು ಬರೀ ಮಾತಾಗಿದ್ದಾಗಲೇ ಅವಳು ಅದನ್ನು ಕೊಂಡು, ಎಲ್ಲರಿಗೂ ಬದಲಿ ಬಟ್ಟೆ ತುಂಬುವಾಗ ಎಲ್ಲಕ್ಕಿಂತ ಕೆಳಗೆ ಇಟ್ಟುಕೊಂಡಿದ್ದಳು. ಇಡೀ ದಿನ ಅದರ ಪಕ್ಕದಲ್ಲೇ ಕೂತು, ಅದನ್ನು ತೆಗೆಯದೆ ಮರಳಿ ತಂದಿದ್ದಳು. ಆ ಚೀಟಿ ಕೈಯಲ್ಲಿ ಹಿಡಿದು ನಾನು ನಾಚಿ ಕೂತೆ. ಬೇರೆ ಮಾತಿಲ್ಲ, ನಾಚಿಕೆಯೇ.

ಅವ್ವ ಕಾಲು ಚಾಚಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ಬೈಯುವ ಹೆಂಗಸಲ್ಲ. ಹೊಲದ ಮಾತೆತ್ತಿದಳು. ಕಳೆ ತೆಗೆಯುವ ಹೆಂಗಸರು ಹತ್ತು ಹನ್ನೆರಡು ಮಂದಿ, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕೂತು ಸರಿಯುತ್ತ ಹೋಗುತ್ತಾರೆ. ಮೊದಲು ಮುಗಿಸಿದವಳು ಬದುವಿನ ಮೇಲೆ ಹೋಗಿ ಕೂರುವುದಿಲ್ಲ. ಹಿಂದೆ ಬಿದ್ದವಳ ಸಾಲನ್ನು ಈ ತುದಿಯಿಂದ ಹಿಡಿದು ಅವಳಿಗೆ ಎದುರಾಗಿ ಕಳೆ ಕೀಳುತ್ತ ಬರುತ್ತಾಳೆ. ನಡುವೆ ಎಲ್ಲೋ ಇಬ್ಬರ ಖುರ್ಪಿ ಸೇರುತ್ತದೆ. ಆಮೇಲೆಯೇ ಎಲ್ಲರೂ ಒಟ್ಟಿಗೆ ಕೂತು ನೀರು ಕುಡಿಯುವುದು, ಮತ್ತೆ ಸಾಲು ತಿರುಗುವುದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹಾಗೆ ಮಾಡದವಳನ್ನು ಮರುದಿನ ಯಾರೂ ಕರೆಯುವುದಿಲ್ಲ, ಅಷ್ಟೇ. ನಾನೂ ಎಷ್ಟೋ ಸಲ ನೋಡಿದ್ದೆ. ನೋಡಿಯೂ ಕಲಿತಿರಲಿಲ್ಲ.

"ಎಲ್ಲಾರೂ ನಮ್ಮ ನಮ್ಮ ಸಾಲು ಮುಗಿಸಿ ಹೊಂಟೆವು," ಎಂದಳು ಅವ್ವ. "ನಾನೂ ಚೀಲಾ ಅಕಿ ಕಾಲಾಗ ಒಗದೇ ಹ್ವಾದೆ. ಅಕಿ ಸಾಲು ಯಾರ ಹಿಡದೀವಿ, ಹೇಳು?"

ನಾನು ಗೋಡೆಯಿಂದ ಕಿತ್ತು ಜೇಬಿನಲ್ಲಿ ತಂದಿದ್ದ ಪಟ್ಟಿ ತೆಗೆದು ಮರುದಿನದ ಕೋಟೆ, ಮ್ಯೂಸಿಯಂ, ಮೃಗಾಲಯದ ಮೇಲೆ ಗೀಟು ಎಳೆದೆ. ಮ್ಯೂಸಿಯಂ ತಪ್ಪಿದ್ದಕ್ಕೆ ಮಕ್ಕಳು ಸಂತೋಷವನ್ನೇ ಪಟ್ಟರು. ಮೃಗಾಲಯಕ್ಕೆ ಮಗ ಸ್ವಲ್ಪ ಅತ್ತು, ಅಳುತ್ತಲೇ ಮಲಗಿದ.

ಬೆಳಿಗ್ಗೆ ಮತ್ತೆ ಪಾರ್ಕಿಗೆ ಎಂದಾಗ ಹೆಂಡತಿ ಒಪ್ಪಲಿಲ್ಲ. ನೋಡಿದ್ದನ್ನೇ ಯಾಕೆ ನೋಡುವುದು, ಕೋಟೆಗೇ ನಡೆಯಿರಿ ಎಂದಳು. ಆ ಬಟ್ಟೆಯನ್ನು ಮಂಚದ ಮೇಲೆ ಕಂಡವಳೇ ಸೆರಗಿನಿಂದ ಮುಚ್ಚಲು ಹೋದಳು. ಅತ್ತೆಯ ಮುಂದೆ ಅಂಥ ಬಟ್ಟೆ ಹೇಗೆ ಹಾಕುವುದು ಎಂಬುದು ಅವಳ ಸಂಕಟ. ನಿನ್ನೆ ಅವಳನ್ನು ತಡೆದದ್ದು ಬರೀ ತಲೆನೋವಲ್ಲ ಎಂದು ಆಗ ನನಗೆ ಹೊಳೆಯಿತು. ಅವ್ವ ಆ ನೈಲಾನನ್ನು ಎತ್ತಿ, ಹೊಲಿಗೆ ಗಟ್ಟಿಯಿದೆಯೇ ಎಂದು ಎಳೆದು ನೋಡಿದಳು. ಕಳೆಗೆ ಹೋಗುವಾಗ ನಮ್ಮ ಕಡೆಯ ಹೆಂಗಸರು ಬಿಸಿಲು, ಸೊಪ್ಪಿನ ತುರಿಕೆ ತಡೆಯಲೆಂದು ಸೀರೆಯ ಮೇಲೆ ಗಂಡನ ಪೂರ್ತಿ ತೋಳಿನ ಅಂಗಿ ತೊಡುತ್ತಾರೆ.

"ನಿಮ್ಮ ಮಾವನ ಅಂಗಿ ಹಾಕ್ಕೊಂಡು ಮೂವತ್ತು ವರ್ಷ ಹೊಲಕ್ಕ ಹೋಗೀನಿ ನಾ," ಎಂದು ಬಟ್ಟೆಯನ್ನು ಸೊಸೆಯ ಕೈಗಿಟ್ಟಳು. "ಬಿಸಲಿಗಿ ಬಿಸಲಿನ ಅರಿವಿ, ನೀರಿಗಿ ನೀರಿನ ಅರಿವಿ. ಹಾಕ್ಕೋ."

ಆ ದಿನ ನಾವು ನಡೆದದ್ದು ಅವ್ವನ ಲೆಕ್ಕದಲ್ಲಿ. ಎದ್ದದ್ದೇ ತಡ, ಹೊರಟದ್ದು ಇನ್ನೂ ತಡ. ಪಾರ್ಕಿನ ಹೊರಗೆ ಬೇವಿನ ಮರದಡಿ ಕೂತು, ನಿನ್ನೆ ಸಂಜೆ ಬಾಗಿಲಲ್ಲಿ ಮರಳಿ ಸಿಕ್ಕಿದ್ದ ರೊಟ್ಟಿ, ಹಿಂಡಿಯನ್ನು ಪಟ್ಟಾಗಿ ತಿಂದು ಮುಗಿಸಿಯೇ ಬಾಗಿಲಿಗೆ ಹೋದೆವು. ತಡೆಯಲು ಕಾವಲಿನವನಿಗೆ ಏನೂ ಉಳಿದಿರಲಿಲ್ಲ. ಕೌಂಟರಿನಲ್ಲಿ ಹೆಂಡತಿ ಅಭ್ಯಾಸದಂತೆ ಮುಂದೆ ಬಂದಳು. ನಾನು ಅವಳನ್ನು ಪಕ್ಕಕ್ಕೆ ಕೂರಿಸಿ, ಎದೆಯುಬ್ಬಿಸಿ ದಖನಿ ಶುರುಮಾಡಿದೆ. ಆ ಹುಡುಗ ನನ್ನನ್ನೇ ನೋಡಿ, "ಗುಲ್ಬರ್ಗೆ ಸೈಡ್ ಕೇ ಹೈಂ ಕ್ಯಾ?" ಎಂದು ನಕ್ಕ. ಹೌದಪ್ಪ, ಅದೇ ಸೈಡಿನವನು, ನಾಲ್ಕು ಗಂಟೆಯ ಅಲೆ ಇವತ್ತೂ ಇದೆಯಲ್ಲ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹಿಂದೆ ಹೆಂಡತಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು.

ಸೀಟಿ ಚೀಲ ಸೇರಿತ್ತು. ಮಕ್ಕಳಿಗೆ ಮೂರು ಆಟ ಆರಿಸಿಕೊಳ್ಳಿ ಎಂದೆವು, ಮೂರೇ. ಒಂದು ಆಟ ಆದ ಮೇಲೆ ಒಂದಿಷ್ಟು ಹೊತ್ತು ಕೂರುವುದು. ನಿನ್ನೆ ಹದಿನಾಲ್ಕು ಆಟ ಆಡಿ ಜಗಳವಾಡಿದ್ದ ಮಕ್ಕಳು ಇವತ್ತು ಒಂದು ಆಟಕ್ಕಾಗಿ ಅರ್ಧ ಗಂಟೆ ಚರ್ಚೆ ಮಾಡಿ, ಅದನ್ನೇ ಮತ್ತರ್ಧ ಗಂಟೆ ಹೊಗಳಿದರು. ಚೀಲಗಳು ಐದಿದ್ದದ್ದು ಎರಡಕ್ಕೆ ಇಳಿದಿದ್ದವು, ಮಿಕ್ಕವನ್ನು ಲಾಡ್ಜಿನಲ್ಲೇ ಬಿಟ್ಟಿದ್ದೆವು. ಅವುಗಳನ್ನು ಅವ್ವ ಒಮ್ಮೆ, ನಾನು ಒಮ್ಮೆ, ಮಗಳು ಒಮ್ಮೆ ಹಿಡಿದೆವು. ಮಧ್ಯಾಹ್ನ ಮೊಸರನ್ನ ಉಂಡು ಹುಲ್ಲಿನ ಮೇಲೆ ಚಾದರ ಹಾಸಿದೆವು. ಮಗ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದ. ಹೆಂಡತಿಯೂ ಮಲಗಿದಳು. ಸುತ್ತ ಜನ ಓಡುತ್ತಿದ್ದರು, ಅಪ್ಪಂದಿರು ಕೂಗುತ್ತಿದ್ದರು. ಅವರಲ್ಲಿ ಒಬ್ಬನ ಕೊರಳಲ್ಲಿ ಸೀಟಿಯಿಲ್ಲ ಎಂಬುದಷ್ಟೇ ನಿನ್ನೆಯ ನನಗೂ ಅವನಿಗೂ ವ್ಯತ್ಯಾಸ ಅನ್ನಿಸಿ ಅವನ ಮೇಲೆ ಕನಿಕರ ಬಂತು. ಮಲಗಿದ್ದ ಹೆಂಡತಿಯ ಮುಖವನ್ನು ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತೋ. ಮನೆಯಲ್ಲಿ ನಾವು ಏಳುವ ಮೊದಲೇ ಅವಳು ಎದ್ದಿರುತ್ತಾಳೆ.

ಮೂರೂವರೆಗೆ ಅವಳು ಬಟ್ಟೆ ಬದಲಿಸಿ ಬಂದಳು. ಎದೆಯ ಮೇಲೆ ಟವೆಲ್ಲು ಎಳೆದುಕೊಂಡು, ತಲೆ ತಗ್ಗಿಸಿಕೊಂಡು. ಅವ್ವ ಕೈಚಾಚಿ ಆ ಟವೆಲ್ಲನ್ನು ಇಸಿದುಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಚೀಲಗಳನ್ನೂ ತನ್ನ ಮಗ್ಗುಲಿಗೆ ಎಳೆದುಕೊಂಡಳು. ಸೈರನ್ ಊದಿತು.

ನಾನು ನಿನ್ನೆಯ ಹಾಗೆ ಹಗ್ಗ ಹಿಡಿದು ನಿಂತೆ. ಹೆಂಡತಿ ನನ್ನನ್ನು ದಾಟಿ ಮುಂದೆ ಹೋದಳು. ಮೊಣಕಾಲು, ಸೊಂಟ, ಎದೆ. ಸಾಕು ಎಂದು ಕೂಗಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೊದಲ ಅಲೆ ಬಂತು. ಅವಳು ತಲೆ ಬಗ್ಗಿಸಿ ಅದರ ಕೆಳಗೆ ನುಸುಳಿ ಆಚೆ ಕಡೆ ಎದ್ದಳು. ಎರಡನೆಯದಕ್ಕೆ ಕೈಬೀಸಿ ಈಜತೊಡಗಿದಳು. ಅಲ್ಲಿದ್ದ ಗಂಡಸರಲ್ಲಿ ಅರ್ಧ ಜನ ನನ್ನಂಥವರು, ಟ್ಯೂಬಿಗೆ ಜೋತುಬಿದ್ದವರು. ಅವರ ನಡುವೆ ನನ್ನ ಹೆಂಡತಿ ಅಂಗಾತ ಮಲಗಿ, ಎರಡೂ ಕೈ ಚಾಚಿ, ಅಲೆ ಎತ್ತಿದಂತೆ ಏಳುತ್ತ, ಇಳಿಸಿದಂತೆ ಇಳಿಯುತ್ತ ಆಕಾಶ ನೋಡುತ್ತಿದ್ದಳು. ಮಗಳು ನನ್ನ ಕೈ ಜಗ್ಗಿ, ಅವ್ವಗ ಈಜು ಬರ್ತದೇನು ಎಂದು ಕೇಳಿದಳು. ಬರ್ತದ ಎಂದೆ, ಹದಿಮೂರು ವರ್ಷದಿಂದ ಗೊತ್ತಿದ್ದವನ ಹಾಗೆ.

ಅಲೆಗಳ ಮಧ್ಯೆ ಹತ್ತು ನಿಮಿಷ ಬಿಡುವಿತ್ತು. ಅವಳು ದಂಡೆಗೆ ಬಂದು, ಏದುಸಿರು ಬಿಡುತ್ತ, ಕೂದಲು ಹಿಂಡಿಕೊಳ್ಳುತ್ತ ಕೂತಳು. ತವರಿನ ಹತ್ತಿರ ಕಾಡಿನೊಳಗೆ ಡ್ಯಾಮಿನ ಹಿನ್ನೀರಿತ್ತಂತೆ. ಎಮ್ಮೆ ಮೈತೊಳೆಯಲು ಹೋದ ಹುಡುಗಿಯರೆಲ್ಲ ಅಲ್ಲೇ ಕಲಿತರಂತೆ. ಮದುವೆಯಾಗಿ ಬಂದ ಮೇಲೆ ನೀರಿಗೆ ಇಳಿದದ್ದು ಇವತ್ತೇ. ಯಾಕೆ ಒಮ್ಮೆಯೂ ಹೇಳಲಿಲ್ಲ ಎಂದೆ.

"ನೀವು ಕೇಳಿದ್ರ ಹೇಳ್ತಿದ್ನಿ," ಎಂದಳು. ಮುನಿಸಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ನಾನು ಬಹಳ ಜನಕ್ಕೆ ಋಣಿ. ಓದಿಸಿದವರಿಗೆ, ಕೆಲಸ ಕೊಟ್ಟವರಿಗೆ, ಅವ್ವನಿಗೆ. ಆದರೆ ಆ ಹೊತ್ತಿನಲ್ಲಿ ಅನ್ನಿಸಿದ ಕೃತಜ್ಞತೆ ಬೇರೆ. ಇಷ್ಟು ದಿನ ತಡ ಮಾಡಿದ ಮೇಲೂ ಕೇಳುವುದಕ್ಕೆ ಒಂದು ಸಂಜೆ ಉಳಿದಿತ್ತಲ್ಲ, ಕೇಳಿದಾಗ ಹೇಳುವುದಕ್ಕೆ ಅವಳಿನ್ನೂ ಸಿದ್ಧಳಿದ್ದಳಲ್ಲ ಎಂದು. ಆ ಮಾತನ್ನು ಅವಳಿಗೆ ಹೇಳಲು ನನಗೆ ದಖನಿಯೂ ಒದಗಲಿಲ್ಲ, ಕನ್ನಡವೂ ಒದಗಲಿಲ್ಲ. ಟವೆಲ್ಲು ಕೊಟ್ಟೆ.

ಅವಳು ಮುಖ ಒರೆಸಿಕೊಂಡು ಎದ್ದಳು, ಅಭ್ಯಾಸದಂತೆ ಚೀಲಗಳತ್ತ ಕೈಹಾಕಿದಳು. ಅವುಗಳನ್ನು ಅವ್ವನ ಮಗ್ಗುಲಿನಿಂದ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಚೀಲಾ ನೀವು ಹಿಡೀರಿ. ಅತ್ತೀನ್ನ ನೀರಿಗಿ ಕರಕೊಂಡ ಹೋಗ್ತೀನಿ."

ನನಗ್ಯಾಕ, ನಾ ಬ್ಯಾಡ ಎನ್ನುತ್ತಲೇ ಅವ್ವ ಕೈಚಾಚಿ ಎದ್ದಾಗಿತ್ತು. ಸೀರೆಯುಟ್ಟವರನ್ನು ನೀರಿಗೆ ಬಿಡುವುದಿಲ್ಲ ಎಂದು ಕಾವಲಿನ ಹುಡುಗಿ ಬಂದಳು. ಹೆಂಡತಿ ತೆಲುಗಿನಲ್ಲಿ ಎರಡೇ ಮಾತಾಡಿದಳು. ಹುಡುಗಿ ನಕ್ಕು, ಅಲೆ ಮುಗಿಯುವ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲಿ, ಅದಕ್ಕಿಂತ ಮುಂದೆ ಬೇಡ ಎಂದಳು. ಕಾಗಿಣಾ ದಂಡೆಯಲ್ಲಿ ಹುಟ್ಟಿ, ಬಟ್ಟೆ ಒಗೆಯುವಷ್ಟೇ ನೀರು ಕಂಡಿದ್ದ ಅವ್ವ ಸೀರೆ ಎತ್ತಿಕಟ್ಟಿ ಅಲ್ಲಿ ಕೂತಳು. ಪಕ್ಕದಲ್ಲಿ ಅವಳ ಕೈ ಹಿಡಿದು ಸೊಸೆ, ಅವಳ ಆಚೆ ಮಕ್ಕಳು. ಮತ್ತೆ ಸೈರನ್ ಊದಿತು. ಅಲೆ ಬಂದು ಕಾಲಿಗೆ ಬಡಿದಾಗ ಅವ್ವ ಸೊಸೆಯ ಹೆಗಲಿಗೆ ಮುಖ ಒತ್ತಿಕೊಂಡು ನಗುವುದು ಇಲ್ಲಿಂದಲೇ ಕಾಣುತ್ತಿತ್ತು.

ಹೆಂಡತಿ ತಿರುಗಿ ನೋಡಿದಳು. ನೀವೂ ಬನ್ನಿ ಎಂದು ಕರೆದಳು. ನಾನು ತೊಡೆಯ ಮೇಲಿನ ಚೀಲಗಳನ್ನು ತೋರಿಸಿ, ಹೋಗಿಬನ್ನಿ ಎಂದು ಕೈಬೀಸಿದೆ. ಹದಿಮೂರು ವರ್ಷ ಅವಳು ನನಗೆ ಹೀಗೆಯೇ ಕೈಬೀಸಿದ್ದಳು.